ಡಬ್ಬಿ ಗೋಪುರ: ಬಣ್ಣದ ಕೆಳಗಿನ ಉಬ್ಬು

"ಅಮ್ಮಾ, ಏಳ್ತೀರೋ ಇಲ್ವೋ?" ಎಂದು ಕ್ರೇನಿನವನು ಮೂರನೇ ಸಲ ಕೇಳಿದ.

ನೆಗ್ಗಕ್ಕ ಏಳಲಿಲ್ಲ. ನೆಲಕ್ಕಿಳಿಸಿದ್ದ ಒಂಬತ್ತನೇ ಕಂಟೈನರಿನ ಹೊಸ್ತಿಲ ಮೇಲೆ, ಕೈಚೀಲವನ್ನು ತೊಡೆಗೊತ್ತಿಕೊಂಡು, ತಡವಾದ ಬಸ್ಸಿಗೆ ಕಾಯುವವಳ ಹಾಗೆ ಕೂತಿದ್ದಳು. ಐವತ್ತಾರು ವರ್ಷದ ಹೆಂಗಸನ್ನು ಎತ್ತಿ ಪಕ್ಕಕ್ಕಿಡುವ ಧೈರ್ಯ ಅಲ್ಲಿದ್ದ ಯಾವ ಗಂಡಸಿಗೂ ಇರಲಿಲ್ಲ. ನಾಲ್ಕು ಟನ್ನಿನ ಡಬ್ಬಿಯನ್ನು ಎತ್ತುವುದು ಅವರಿಗೆ ಅದಕ್ಕಿಂತ ಸುಲಭದ ಕೆಲಸ.

"ಇನ್ಸ್‌ಪೆಕ್ಟರ್ ಬರ್ಲಿ, ಆಮೇಲೆ ಏಳ್ತೀನಿ," ಎಂದಳು. "ನೀನು ಅಲ್ಲೀವರೆಗೆ ಟೀ ಕುಡಿ."

ಆಕಾಶಕ್ಕೆ ಬೂದಿ ಬಳಿದ ಹಾಗಿತ್ತು. ಮೈದಾನದ ತುಂಬ ತುಳಿಸಿಕೊಂಡ ಹುಲ್ಲು, ಹರಿದ ಪೋಸ್ಟರು, ಸುತ್ತಿಟ್ಟ ಕೇಬಲ್ಲು. ಮೂರು ಸಂಜೆಯ ಉತ್ಸವಕ್ಕೆಂದು ಹದಿನೆಂಟು ಹಳೆಯ ಕಂಟೈನರುಗಳನ್ನು ಪೇರಿಸಿ ಕಟ್ಟಿದ್ದ ಗೋಪುರ ಮುಕ್ಕಾಲು ಪಾಲು ಬಿಚ್ಚಿ ಹೋಗಿತ್ತು. ಅಂಗಡಿಯಾಗಿದ್ದದ್ದು, ವೇದಿಕೆಯಾಗಿದ್ದದ್ದು ಎಲ್ಲವೂ ಮತ್ತೆ ಬರೀ ಡಬ್ಬಿಗಳಾಗಿ ಲಾರಿ ಹತ್ತುತ್ತಿದ್ದವು. ಸಂಜೆಗೆ ಬಂದರಿಗೆ, ಬೆಳಗಾದರೆ ಹಡಗಿಗೆ. ಮುಂದಿನ ಉತ್ಸವದ ಊರಿನಲ್ಲಿ ಅವಕ್ಕೆ ಮಾಡುವ ಮೊದಲ ಕೆಲಸವೇ ಹಳೇ ಬಣ್ಣ ಕೆರೆದು ತೆಗೆಯುವುದು.

ಕಳೆದ ಸೋಮವಾರ, ಗೋಪುರ ಬಿಚ್ಚಲು ಶುರು ಮಾಡಿದ ದಿನ, ಇದೇ ಒಂಬತ್ತನೇ ಡಬ್ಬಿಯೊಳಗೆ ಲೈಟಿನವನ ಹೆಣ ಸಿಕ್ಕಿತ್ತು. ಅಂದೇ ಸಂಜೆ ಪೊಲೀಸರು ನೆಗ್ಗಕ್ಕನ ತಮ್ಮನನ್ನು, ಗೋಪುರ ಕಟ್ಟಿದ ವೆಲ್ಡರನ್ನು, ಕರೆದುಕೊಂಡು ಹೋಗಿದ್ದರು.

ನೆಗ್ಗಕ್ಕ ಎಂಬುದು ತಂದೆತಾಯಿ ಇಟ್ಟ ಹೆಸರಲ್ಲ, ಕಂಟೈನರ್ ಡಿಪೋದವರು ಇಟ್ಟದ್ದು. ಇಪ್ಪತ್ತಾರು ವರ್ಷ ಅವಳ ಕೆಲಸ ಒಂದೇ. ಬಂದ ಡಬ್ಬಿಯ ಸುತ್ತ ಒಂದು ಸುತ್ತು ಹಾಕಿ ಎಲ್ಲಿ ನೆಗ್ಗಿದೆ, ಎಷ್ಟು ನೆಗ್ಗಿದೆ, ಯಾರ ಕೈಯಲ್ಲಿದ್ದಾಗ ನೆಗ್ಗಿದೆ ಎಂದು ಬರೆದು ಸಹಿ ಹಾಕುವುದು. ಡಿಪೋ ಬಿಟ್ಟು ಒಂದು ವರ್ಷವಾದರೂ ಕಣ್ಣು ಇನ್ನೂ ಅದೇ ಕೆಲಸದಲ್ಲಿತ್ತು. ಬಸ್ಸು ಹತ್ತುವ ಮೊದಲು ಬಸ್ಸಿನ ನೆಗ್ಗು ಎಣಿಸುವ ಹೆಂಗಸು ಅವಳು.

ಇನ್ಸ್‌ಪೆಕ್ಟರ್ ಬಂದ. ಮಾತು ಕಡಿಮೆ, ಕಡತ ಜಾಸ್ತಿ ಎನ್ನುವ ಜಾತಿಯ ಮನುಷ್ಯ. ಈ ಡಬ್ಬಿಯ ಮಹಜರು ಮುಗಿದಿದೆ, ಫೋಟೋ ತೆಗೆದಾಗಿದೆ, ಡಬ್ಬಿ ಬಾಡಿಗೆಗೆ ಕೊಟ್ಟ ಕಂಪನಿಗೆ ಬಿಟ್ಟುಕೊಟ್ಟಾಗಿದೆ, ಇನ್ನು ಇಲ್ಲಿ ಕೂತು ಪ್ರಯೋಜನವಿಲ್ಲ ಎಂದು ಸಮಾಧಾನದಿಂದಲೇ ಹೇಳಿದ.

"ನಿಮ್ಮವರು ಒಳಗಡೆ ನೋಡಿದಾರೆ. ನಾನು ಹೊರಗಡೆ ನೋಡ್ಬೇಕು," ಎಂದಳು. "ಒಂದೇ ಒಂದು ಸುತ್ತು."

ಆತ ಗಡಿಯಾರ ನೋಡಿಕೊಂಡ. "ಮುಂದಿನ ಲಾರಿ ಬರೋವರೆಗೆ. ಆಮೇಲೆ ನನ್ನ ಕೈಲಿ ಏನೂ ಇಲ್ಲ ಮೇಡಂ."

ಪೊಲೀಸರ ಲೆಕ್ಕಾಚಾರ ಅವಳಿಗೆ ಬಾಯಿಪಾಠವಾಗಿತ್ತು. ಒಂಬತ್ತನೇ ಡಬ್ಬಿ ಎರಡನೇ ಅಂತಸ್ತಿನಲ್ಲಿದ್ದ ಲೈಟಿನ ಕೋಣೆ. ದೀಪ ನಡೆಸುವ ಯಂತ್ರಗಳನ್ನು ಅದರಲ್ಲಿಟ್ಟಿದ್ದರು. ಬಾಗಿಲು ಹೊರಗಿನಿಂದ ಮುಚ್ಚಿತ್ತು. ಬಾಗಿಲಿನ ಸರಳಿಗೆ ಬೋಲ್ಟ್ ತೂರಿಸಿ ನಟ್ ಬಿಗಿದಿತ್ತು. ಬೋಲ್ಟು ತಮ್ಮನ ಚೀಲದ್ದು. ಉದ್ಘಾಟನೆಗೆ ಎರಡು ದಿನ ಮುಂಚೆ, ಮಂಗಳವಾರ, ತಮ್ಮನೂ ಲೈಟಿನವನೂ ಎಲ್ಲರ ಎದುರು ಕೈಕೈ ಮಿಲಾಯಿಸುವಷ್ಟು ಜಗಳವಾಡಿದ್ದರು. ನಿನ್ನ ವೆಲ್ಡಿಂಗ್ ಸೋರುತ್ತೆ, ನನ್ನ ಯಂತ್ರ ಹಾಳಾಗುತ್ತೆ ಎಂದು ಅವನು; ನನ್ನ ಕೆಲಸಕ್ಕೆ ಹೆಸರಿಡಬೇಡ ಎಂದು ಇವನು.

ಬೇಯುವ ತಗಡಿನೊಳಗಿದ್ದ ಹೆಣವಾದ್ದರಿಂದ ಸತ್ತ ದಿನ ಇಂಥದ್ದೇ ಎಂದು ಡಾಕ್ಟರಿಗೆ ಹೇಳಲಾಗಲಿಲ್ಲ. ಎರಡು ದಿನವಾಗಿರಬಹುದು, ಐದಾಗಿರಬಹುದು ಎಂದರು. ಆಗ ಮುಂದೆ ಬಂದವನು ಗೋಪುರದ ಆರ್ಕಿಟೆಕ್ಟ್. ಶನಿವಾರ ಸಂಜೆ ಲೈಟಿನವನ ಜೊತೆ ನಿಂತು ಮಾತಾಡಿದೆ ಎಂದು ಹೇಳಿಕೆ ಕೊಟ್ಟ. ಶನಿವಾರ ಕೊನೆಯ ದಿನ, ಡ್ರಮ್ಮಿನ ಕಾರ್ಯಕ್ರಮ. ಒಳಗಿನಿಂದ ಸುತ್ತಿಗೆಯಲ್ಲಿ ಹೊಡೆದರೂ ಯಾರಿಗೂ ಕೇಳಿಸಿರದು. ತಮ್ಮ ಆ ಸಂಜೆಯಿಡೀ ಗೋಪುರದ ಹಿಂದೆ ಒಬ್ಬನೇ ಇದ್ದ. ಅಲ್ಲಿಗೆ ಎಲ್ಲ ಸರಿಹೋಯಿತು.

ಒಳಗಿನಿಂದ ಹೊಡೆದದ್ದಂತೂ ನಿಜ; ಆ ತಗಡಿನೊಳಗೆ ಫೋನಿಗೆ ಸಿಗ್ನಲ್ ಸಿಗುತ್ತಿರಲಿಲ್ಲ. ಉದ್ದದ ಗೋಡೆಯ ಒಳಮೈಯಲ್ಲಿ ಸುತ್ತಿಗೆಯ ಗುರುತುಗಳನ್ನು ಪೊಲೀಸರು ಎಣಿಸಿದ್ದರು. ಇಪ್ಪತ್ತಾರು.

ನೆಗ್ಗಕ್ಕ ಹೊಸ್ತಿಲಿನಿಂದೆದ್ದು ಅದೇ ಗೋಡೆಯ ಹೊರಮೈಗೆ ಬಂದಳು. ಅಲ್ಲಿ ದಟ್ಟ ನೀಲಿ ಆಕಾಶ, ತುಂಬ ಹಳದಿ ನಕ್ಷತ್ರ. ಉತ್ಸವಕ್ಕೆ ಬಂದವರೆಲ್ಲ ಕೆಳಗೆ ನಿಂತು ಇದನ್ನು ಹಿನ್ನೆಲೆಗೆ ಹಿಡಿದು ಫೋಟೋ ತೆಗೆಸಿಕೊಂಡಿದ್ದರಂತೆ. ಸಣ್ಣ ನಕ್ಷತ್ರಗಳು ನೂರಾರಿದ್ದವು. ದೊಡ್ಡವು ಮಾತ್ರ ಒಂದು ಸಾಲಿನಲ್ಲಿ ಮೇಲಿನಿಂದ ಓರೆಯಾಗಿ ಕೆಳಗಿಳಿಯುತ್ತಿದ್ದವು.

ಡಿಪೋದಲ್ಲಿ ಮಾಡುತ್ತಿದ್ದ ಹಾಗೆ ಕಣ್ಣುಮುಚ್ಚಿ ಅಂಗೈಯನ್ನು ತಗಡಿನ ಮೇಲೆ ಆಡಿಸಿದಳು. ನೆಗ್ಗು ಕಣ್ಣಿಗಿಂತ ಮೊದಲು ಕೈಗೆ ಸಿಗುತ್ತದೆ ಎಂಬುದು ಅವಳ ನಂಬಿಕೆ. ಅಂಗೈಗೆ ಒಂದು ಉಬ್ಬು ಸಿಕ್ಕಿತು. ಕಣ್ಣುಬಿಟ್ಟು ನೋಡಿದರೆ ಕೈಯಡಿ ದೊಡ್ಡ ನಕ್ಷತ್ರ. ಮತ್ತೆ ಕಣ್ಣು ಮುಚ್ಚಿ ಆಡಿಸಿದಳು. ಮತ್ತೊಂದು ಉಬ್ಬು, ಮತ್ತೊಂದು ನಕ್ಷತ್ರ.

ದೊಡ್ಡ ನಕ್ಷತ್ರಗಳನ್ನು ಒಂದೊಂದಾಗಿ ಮುಟ್ಟುತ್ತಾ ಹೋದಳು. ಇಪ್ಪತ್ಮೂರು. ಒಂದೂ ತಪ್ಪದೆ ಎಲ್ಲವೂ ಉಬ್ಬಿನ ನಟ್ಟನಡುವೆಯೇ ಕೂತಿದ್ದವು.

"ಸಾರ್, ಇಲ್ಲಿ ಬನ್ನಿ. ನಿಮ್ಮ ಕೈ ಕೊಡಿ," ಎಂದಳು.

ಇನ್ಸ್‌ಪೆಕ್ಟರನ ಕೈ ಹಿಡಿದು ನಕ್ಷತ್ರಗಳ ಮೇಲೆ ಸವರಿಸಿದಳು. ಮೊದಲಿಗೆ ಆತನಿಗೆ ಮುಜುಗರವಾಯಿತು. ನಾಲ್ಕನೇ ನಕ್ಷತ್ರದ ಹೊತ್ತಿಗೆ ಮುಜುಗರ ಹೋಗಿ ಮುಖ ಗಂಭೀರವಾಯಿತು.

"ಒಳಗೆ ಕತ್ತಲಲ್ಲಿ ನಿಂತು ಸುತ್ತಿಗೆ ಬೀಸೋನಿಗೆ ಹೊರಗಡೆ ನಕ್ಷತ್ರ ಎಲ್ಲಿದೆ ಅಂತ ಹೆಂಗೆ ಗೊತ್ತಾಗ್ಬೇಕು?" ಎಂದಳು ನೆಗ್ಗಕ್ಕ. "ಉಬ್ಬು ಮೊದಲು ಬಂದಿದೆ ಸಾರ್. ಬಣ್ಣ ಆಮೇಲೆ."

ಅವಳು ಚೀಲದಿಂದ ಸಣ್ಣ ಚಾಕು ತೆಗೆದು ಒಂದು ನಕ್ಷತ್ರದ ಅಂಚು ಕೆರೆದಳು. ಹಳದಿಯ ಕೆಳಗೆ ನೀಲಿ, ನೀಲಿಯ ಕೆಳಗೆ ಡಬ್ಬಿಯ ಹಳೆಯ ಕೆಂಪು. ಕೆಂಪು ಬಣ್ಣ ಉಬ್ಬಿನ ಸುತ್ತ ಬಿರುಕು ಬಿಟ್ಟಿತ್ತು. ಅದರ ಮೇಲಿನ ಹೊಸ ಬಣ್ಣ ಒಂದು ಗೆರೆಯೂ ಬೀಳದೆ ನುಣ್ಣಗಿತ್ತು. ಹೊಸ ಬಣ್ಣ ಒಣಗಿದ ಮೇಲೆ ಯಾರೂ ಅಲ್ಲಿ ಹೊಡೆದಿರಲಿಲ್ಲ.

"ಒಳಗೆ ಇಪ್ಪತ್ತಾರು ಗುರುತಿದಾವೆ," ಎಂದ ಇನ್ಸ್‌ಪೆಕ್ಟರ್ ನಿಧಾನವಾಗಿ. "ಇಲ್ಲಿ ಇಪ್ಪತ್ಮೂರು."

ಅವಳಿಗೂ ಅದೇ ಲೆಕ್ಕ ಹೊಳೆದಿತ್ತು. ಮಂಡಿಯೂರಿ ಕೂತಳು. ಗೋಡೆಯ ಬುಡದಲ್ಲಿ, ನೆಲದಿಂದ ಒಂದು ಗೇಣು ಎತ್ತರದಲ್ಲಿ, ಉಳಿದ ಮೂರು ಸಿಕ್ಕವು. ಅವುಗಳ ಮೇಲೆ ನಕ್ಷತ್ರವಿರಲಿಲ್ಲ. ನೀಲಿ ಬಣ್ಣ ಅಲ್ಲಿ ಚಕ್ಕೆ ಎದ್ದಿತ್ತು, ಚಕ್ಕೆಯ ಸಂದಿಯಲ್ಲಿ ತುಕ್ಕು ಇಣುಕುತ್ತಿತ್ತು.

ಆ ಮೂರು ಏಟು ಬಣ್ಣ ಬಿದ್ದ ಮೇಲಿನವು. ನಿಲ್ಲಲಾಗದೆ, ನೆಲಕ್ಕೆ ಬಿದ್ದ ಮನುಷ್ಯ ಮಲಗಿಕೊಂಡೇ ಹೊಡೆದದ್ದು. ನೆಗ್ಗಕ್ಕ ಸಾವಿರಾರು ನೆಗ್ಗುಗಳ ಲೆಕ್ಕ ಬರೆದವಳು, ಒಂದು ನೆಗ್ಗಿಗಾಗಿ ಅತ್ತದ್ದಿಲ್ಲ. ಇಂದು ಸೆರಗಿನಿಂದ ಕಣ್ಣೊರೆಸಿಕೊಂಡೇ ಎದ್ದಳು.

ಇನ್ಸ್‌ಪೆಕ್ಟರ್ ಕ್ರೇನಿನವನತ್ತ ತಿರುಗಿ, ಒಂಬತ್ತನೇದಕ್ಕೆ ಯಾರೂ ಕೈಹಚ್ಚಬಾರದು ಎಂದ. ಆಮೇಲೆ ಅವಳನ್ನು ಕೇಳಿದ: "ಈ ಬಣ್ಣ ಯಾವತ್ತು ಹೊಡೆದದ್ದು?"

ಪೇಂಟರ್ ಹುಡುಗಿ ಮೈದಾನದ ಆ ತುದಿಯಲ್ಲಿ ಬಣ್ಣದ ಡಬ್ಬಗಳ ಮುಚ್ಚಳ ಬಡಿದು ಕೂರಿಸುತ್ತಿದ್ದಳು. ಮೂವತ್ತರ ಒಳಗಿನವಳು, ಉಗುರಿನ ಸಂದಿಯಲ್ಲೆಲ್ಲ ಬಣ್ಣ. ಇಡೀ ಗೋಪುರಕ್ಕೆ ಅವಳೊಬ್ಬಳದೇ ಕುಂಚ. ತನ್ನ ಚಿತ್ರಗಳೆಲ್ಲ ಇನ್ನು ಹದಿನೈದು ದಿನದಲ್ಲಿ ಕೆರೆದುಹೋಗುತ್ತವೆ ಎಂಬುದು ಗೊತ್ತಿದ್ದೂ ಒಂದೊಂದನ್ನೂ ಮಗುವಿಗೆ ಸ್ನಾನ ಮಾಡಿಸುವ ಹಾಗೆ ಮಾಡಿದ್ದಳು.

ನಕ್ಷತ್ರದ ಗೋಡೆ ಎಂದೊಡನೆ ಅವಳ ಮುಖ ಅರಳಿತು. ಗುರುವಾರ ಬೆಳಗ್ಗೆ ಮಾಡಿದ್ದು, ಸಂಜೆಯೇ ಉದ್ಘಾಟನೆ ಇದ್ದುದರಿಂದ ಬೇಗ ಒಣಗುವ ಬಣ್ಣ ತಂದಿದ್ದೆ, ಎಂಟೂವರೆಗೆ ಸಾರುವೆ ಹತ್ತಿದವಳು ಹನ್ನೊಂದಕ್ಕೆ ಇಳಿದೆ ಎಂದಳು. ಹಂತಹಂತದ ಫೋಟೋಗಳೂ ಫೋನಿನಲ್ಲಿದ್ದವು, ತಾರೀಖು ವೇಳೆಯ ಸಮೇತ. ಮೊದಲನೆಯದರಲ್ಲಿ ಬರೀ ಕೆಂಪು ತಗಡು. ಹತ್ತಿರದಿಂದ ನೋಡಿದರೆ ಅದರ ಮೇಲೆ ಬೆಳಗಿನ ಬಿಸಿಲಿಗೆ ಉಬ್ಬುಗಳ ಸಣ್ಣ ಸಣ್ಣ ನೆರಳು.

"ಈ ಉಬ್ಬುಗಳನ್ನ ನೋಡಿದ್ರಾ ಆವಾಗ?" ಎಂದು ಇನ್ಸ್‌ಪೆಕ್ಟರ್ ಕೇಳಿದ.

"ನೋಡ್ದೆ. ಹಳೇ ಡಬ್ಬಿ, ಎಲ್ಲ ಕಡೆ ನೆಗ್ಗಿರುತ್ತೆ. ಸಾಲಾಗಿ ಇಳೀತಿದ್ವು, ಚೆನ್ನಾಗಿತ್ತು. ನಕ್ಷತ್ರ ಉದುರೋ ಹಾಗೆ ಮಾಡಿದೆ."

ನೆಗ್ಗಕ್ಕನಿಗೆ ಮುಂದಿನ ಪ್ರಶ್ನೆ ಕೇಳಲು ಮನಸ್ಸಿರಲಿಲ್ಲ. ಆದರೆ ಠಾಣೆಯ ಬೆಂಚಿನ ಮೇಲೆ ತಲೆ ತಗ್ಗಿಸಿ ಕೂತ ತಮ್ಮ ಕಣ್ಣೆದುರು ಬಂದ. ಅಮ್ಮ ಹೋದಾಗ ಅವನಿಗೆ ಒಂಬತ್ತು ವರ್ಷ. ಅವನ ಬೂಟಿನ ಲೇಸು ಕಟ್ಟಿ, ಮೂಗೊರೆಸಿ, ವೆಲ್ಡಿಂಗ್ ಕಲಿಯಲು ಸೇರಿಸಿ, ಮದುವೆ ಮಾತಾಡಿ ಮುರಿದು, ಇಷ್ಟು ದೊಡ್ಡವನಾಗಿ ಮಾಡಿದವಳು ಅವಳೇ.

"ಬಣ್ಣ ಹಚ್ಚುವಾಗ ಏನಾದ್ರೂ ಸದ್ದು ಕೇಳಿಸ್ತಾ ಮಗಾ?"

ಹುಡುಗಿ ಸಲೀಸಾಗಿ ಹೇಳಿಬಿಟ್ಟಳು. "ಮೆಲ್ಲಗೆ ಟಕ್ ಟಕ್ ಅಂತಿತ್ತು. ಸ್ವಲ್ಪ ಹೊತ್ತು ನಿಲ್ತಿತ್ತು, ಮತ್ತೆ ಶುರುವಾಗ್ತಿತ್ತು. ಬಿಸಿಲು ಬಿದ್ರೆ ತಗಡು ಹಿಗ್ಗುತ್ತೆ, ಒಳಗೆ ಯಾರೋ ಬಡಿದ ಹಾಗೇ ಕೇಳಿಸುತ್ತೆ, ಹೆದರ್ಬೇಡಿ ಅಂತ ಆರ್ಕಿಟೆಕ್ಟ್ ಸಾರ್ ನಮಗೆಲ್ಲ ಮೊದಲನೇ ದಿನವೇ ಹೇಳಿದ್ರು. ನಂಗೆ ಅಭ್ಯಾಸ ಆಗಿತ್ತು."

ಹೇಳಿದ ಮೇಲೆ ಇಬ್ಬರ ಮುಖವನ್ನೂ ನೋಡಿದಳು. ಕೈಯಲ್ಲಿದ್ದ ಮುಚ್ಚಳ ನೋಡಿದಳು. ಸೋಮವಾರ ಹೆಣ ಸಿಕ್ಕಾಗ ಅವಳೂ ಎಲ್ಲರ ಹಾಗೆ ಶನಿವಾರ ಎಂದೇ ನಂಬಿ, ಪಾಪ ಎಂದು ಅತ್ತವಳು.

"ಅಕ್ಕಾ," ಎಂದಳು. "ನಾನು ಅಲ್ಲೇ ಇದ್ದೆ. ಒಂದು ಮೊಳ ದೂರದಲ್ಲಿ."

ಅವಳನ್ನು ಬಣ್ಣದ ಡಬ್ಬದ ಮೇಲೆ ಕೂರಿಸಿ ನೀರು ಕುಡಿಸಬೇಕಾಯಿತು. ನಿನ್ನ ತಪ್ಪಲ್ಲ ಎಂದು ನೆಗ್ಗಕ್ಕ ಮೂರು ಸಲ ಹೇಳಿದಳು. ಹೇಳಿದ್ದು ನಿಜ, ಆದರೆ ಕೆಲವು ನಿಜಗಳಿಂದ ಯಾರಿಗೂ ಸಮಾಧಾನವಾಗುವುದಿಲ್ಲ.

ಉತ್ಸವದ ಕಚೇರಿಯೂ ಒಂದು ಕಂಟೈನರೇ. ಗಾಜಿನ ಬಾಗಿಲು, ಎಸಿ, ಗೋಡೆಯಲ್ಲಿ ದೀಪಗಳಿಂದ ಜಗಮಗಿಸುವ ಗೋಪುರದ ಫೋಟೋ. ಮೂರು ಸಂಜೆಯೂ ಆ ದೀಪಗಳು ಸಮಯಕ್ಕೆ ಸರಿಯಾಗಿ ಹತ್ತಿ ಸಮಯಕ್ಕೆ ಸರಿಯಾಗಿ ಬಣ್ಣ ಬದಲಿಸಿದ್ದವು. ಎಲ್ಲವನ್ನೂ ಮುಂಚೆಯೇ ಯಂತ್ರಕ್ಕೆ ಹೇಳಿಟ್ಟಿದ್ದನಾದ್ದರಿಂದ ಲೈಟಿನವನು ಇಲ್ಲವೆಂದು ಯಾರಿಗೂ ಅನ್ನಿಸಲೇ ಇಲ್ಲ. ಗುರುವಾರ ಅವನ ಮಗಳು ಬಂದು, ಅಪ್ಪನ ದೀಪ ನೋಡಿ, ಅಪ್ಪ ಬಿಡುವಿಲ್ಲದೆ ಮೇಲೆಲ್ಲೋ ಇದ್ದಾನೆ ಎಂದುಕೊಂಡು ಮನೆಗೆ ಹೋಗಿದ್ದಳು.

ಆರ್ಕಿಟೆಕ್ಟ್ ನಕ್ಷೆಗಳನ್ನು ಸುರುಳಿ ಸುತ್ತುತ್ತಿದ್ದ. ಕಪ್ಪು ಅಂಗಿ, ದಪ್ಪ ಚೌಕಟ್ಟಿನ ಕನ್ನಡಕ. ಡಬ್ಬಿಯನ್ನು ಡಬ್ಬಿ ಎಂದರೆ ಅವನಿಗೆ ಸಿಟ್ಟು, 'ಘಟಕ' ಎನ್ನಬೇಕು. ನೆಗ್ಗಕ್ಕ ಬೇಕೆಂದೇ ಡಬ್ಬಿ ಎಂದಳು.

"ಒಂಬತ್ತನೇ ಡಬ್ಬಿ ವಿಷಯ ಕೇಳೋದಿತ್ತು."

ತನಗೆ ಗೊತ್ತಿದ್ದನ್ನೆಲ್ಲ ಬರೆದುಕೊಟ್ಟಿದ್ದೇನೆ ಎಂದ ಅವನು, ಅವಳತ್ತ ನೋಡದೆ. ಇನ್ಸ್‌ಪೆಕ್ಟರ್ ಕುರ್ಚಿ ಎಳೆದು ಕೂತು, ಇನ್ನೊಮ್ಮೆ ಬಾಯಲ್ಲಿ ಹೇಳಿ ಎಂದ. ಶನಿವಾರ ಸಂಜೆ ಆರರ ಹೊತ್ತಿಗೆ ಲೈಟಿನವನು ಮೆಟ್ಟಿಲ ಬಳಿ ಸಿಕ್ಕಿದ, ಮೂರನೇ ಅಂತಸ್ತಿನ ಬೆಳಕು ಜಾಸ್ತಿಯಾಯಿತು ಎಂದೆ, ಆಗಲಿ ಎಂದ, ಹೋದ. ಅಷ್ಟೇ. ಹೇಳುವಾಗ ಕೈಯಲ್ಲಿದ್ದ ನಕ್ಷೆ ಇನ್ನೂ ಬಿಗಿಯಾಗಿ ಸುತ್ತಿಕೊಂಡಿತು.

ನೆಗ್ಗಕ್ಕ ಮೇಜಿನ ಮೇಲಿದ್ದ ಕಡತದಿಂದ ಒಂದು ಹಾಳೆ ಎಳೆದಳು. ಉದ್ಘಾಟನೆಗೆ ಮುಂಚಿನ ಸುರಕ್ಷತಾ ಪಟ್ಟಿ. ಗುರುವಾರ, ಬೆಳಗ್ಗೆ ಒಂಬತ್ತು ಗಂಟೆ. ಹದಿನೆಂಟು ಕೋಣೆ, ಹದಿನೆಂಟು ಟಿಕ್ಕು. ಬಾಗಿಲು ತೆರೆದು ಒಳಗೆ ನೋಡಲಾಗಿದೆ, ಯಾರೂ ಇಲ್ಲ. ಕೆಳಗೆ ಆರ್ಕಿಟೆಕ್ಟನ ಸಹಿ.

ಇಂಥ ಹಾಳೆಗಳ ನಡುವೆಯೇ ಅವಳ ಆಯುಷ್ಯ ಕಳೆದಿತ್ತು. ನೋಡಿ ಹಾಕಿದ ಟಿಕ್ಕು ಒಂದೊಂದೂ ಒಂದೊಂದು ತರ ಇರುತ್ತದೆ, ಕೂತಲ್ಲೇ ಹಾಕಿದ್ದು ಎಲ್ಲ ಒಂದೇ ತರ. ಮೊದಲ ಎಂಟು ಟಿಕ್ಕು ಅಡ್ಡಾದಿಡ್ಡಿ ಇದ್ದವು. ಒಂಬತ್ತರಿಂದಾಚೆಗಿನವು ಅಚ್ಚು ಹೊಡೆದ ಹಾಗಿದ್ದವು.

"ಗುರುವಾರ ಒಂಬತ್ತಕ್ಕೆ ಆ ಬಾಗಿಲು ತೆಗೆದು ನೋಡಿದ್ರಾ?" ಎಂದಳು.

"ಬರೆದಿದೆಯಲ್ಲ."

"ಹಾಗಾದ್ರೆ ಲೈಟಿನವನನ್ನ ನೋಡಿರ್ಬೇಕಲ್ಲ. ಅವನು ಅಷ್ಟೊತ್ತಿಗಾಗ್ಲೇ ಒಳಗಿದ್ದ. ಬುಧವಾರದಿಂದ ಇದ್ದ."

ಆರ್ಕಿಟೆಕ್ಟನ ಕೈ ನಿಂತಿತು.

ಉಬ್ಬುಗಳು, ನಕ್ಷತ್ರಗಳು, ಹುಡುಗಿಯ ಫೋಟೋ ಎಲ್ಲವನ್ನೂ ಇನ್ಸ್‌ಪೆಕ್ಟರ್ ನಾಲ್ಕು ಮಾತಿನಲ್ಲಿ ಹೇಳಿದ. ಮಂಗಳವಾರ ಸಂಜೆಯವರೆಗೆ ಲೈಟಿನವನನ್ನು ಹತ್ತಾರು ಜನ ನೋಡಿದ್ದರು. ಗುರುವಾರ ಬೆಳಗ್ಗೆ ಎಂಟೂವರೆಗೆ ಉಬ್ಬುಗಳಿದ್ದವು. ನಡುವೆ ಉಳಿದದ್ದು ಬುಧವಾರ. ಅಂದು ಕ್ರೇನ್ ಬೇರೆ ಕಡೆ ಹೋಗಿದ್ದರಿಂದ ಸೈಟಿಗೆ ರಜೆ, ಮೈದಾನ ಬಿಕೋ ಎನ್ನುತ್ತಿತ್ತು.

"ಅವನನ್ನ ನೋಡಿನೂ ಬಾಗಿಲು ಹಾಕಿದ್ರಾ," ಎಂದಳು ನೆಗ್ಗಕ್ಕ, "ಅಥವಾ ಬಾಗಿಲು ತೆಗೀಲೇ ಇಲ್ವಾ? ಎರಡರಲ್ಲಿ ಒಂದು ನೀವೇ ಆರಿಸ್ಕೊಳ್ಳಿ. ಮೂರನೇದು ಇಲ್ಲ."

ಆರ್ಕಿಟೆಕ್ಟ್ ಕನ್ನಡಕ ತೆಗೆದ. ಕನ್ನಡಕವಿಲ್ಲದೆ ಅವನು ನಿದ್ದೆಗೆಟ್ಟ ಸಾಧಾರಣ ಮನುಷ್ಯನಾಗಿ ಕಂಡ.

"ತೆಗೀಲಿಲ್ಲ," ಎಂದ.

ಆಮೇಲೆ ಮಾತು ತಾನಾಗಿಯೇ ಹೊರಬಿತ್ತು. ಎಂಟು ಬಾಗಿಲು ತೆಗೆದು ನೋಡಿದ. ಒಂಬತ್ತನೇದಕ್ಕೆ ಬೋಲ್ಟ್ ಹಾಕಿ ನಟ್ ಬಿಗಿದಿತ್ತು, ಕೈಯಲ್ಲಿ ಸ್ಪ್ಯಾನರ್ ಇರಲಿಲ್ಲ. ಕೆಳಗೆ ಅತಿಥಿಗಳಿಗೆ ಕುರ್ಚಿ ಸಾಲದೆಂದು ಯಾರೋ ಕೂಗುತ್ತಿದ್ದರು. ಹೊರಗಿನಿಂದ ಬಿಗಿದ ಬಾಗಿಲಿನೊಳಗೆ ಯಾರಿರುತ್ತಾರೆ ಎಂದುಕೊಂಡು ಅಲ್ಲಿಂದಲೇ ಇಳಿದು ಬಂದು ಉಳಿದದ್ದಕ್ಕೆಲ್ಲ ಟಿಕ್ ಹಾಕಿದ.

"ಸದ್ದು ಕೇಳಿಸ್ತಾ?" ಎಂದು ಇನ್ಸ್‌ಪೆಕ್ಟರ್ ಕೇಳಿದ.

ಅವನು ಕನ್ನಡಕವನ್ನು ಅಂಗಿಯ ತುದಿಯಲ್ಲಿ ಒರೆಸಿದ.

"ಕೇಳಿಸ್ತು. ತಗಡು ಹಿಗ್ತಿದೆ ಅಂದ್ಕೊಂಡೆ. ನಾನೇ ಎಲ್ಲರಿಗೂ ಹೇಳಿದ್ದಲ್ವಾ. ಹನ್ನೆರಡು ವರ್ಷದಿಂದ ಪ್ರತಿ ಊರಲ್ಲೂ ಅದೇ ಮಾತು ಹೇಳ್ತಾ ಬಂದಿದೀನಿ. ನನ್ನ ಮಾತನ್ನ ನಾನೇ ನಂಬಿದೆ."

ಸೋಮವಾರ ಬಾಗಿಲು ತೆಗೆದಾಗ ಅವನಿಗೆ ಎಲ್ಲ ಅರ್ಥವಾಗಿತ್ತು. ಲೈಟಿನವನು ಬದುಕಿದ್ದಾಗಲೇ ತಾನು ಬಾಗಿಲ ಮುಂದೆ ನಿಂತು ವಾಪಸ್ಸು ಹೋದದ್ದು ಲೋಕಕ್ಕೆ ಗೊತ್ತಾಗಬಾರದಿತ್ತು. ಅದಕ್ಕೆ ಶನಿವಾರ ಮಾತಾಡಿದೆ ಎಂದ. ಒಂದು ಸುಳ್ಳಿನಲ್ಲಿ ಇನ್ನೊಬ್ಬನ ಕುತ್ತಿಗೆ ಸಿಕ್ಕಿಹಾಕಿಕೊಳ್ಳುತ್ತದೆ ಎಂದು ಯೋಚಿಸಲಿಲ್ಲ ಎಂದ. ಅಷ್ಟನ್ನೂ ನೆಗ್ಗಕ್ಕ ನಂಬಿದಳು, ನಂಬಿಯೂ ಅವನನ್ನು ಕ್ಷಮಿಸಲಿಲ್ಲ. ನಾಲ್ಕು ದಿನದಿಂದ ಅವಳ ತಮ್ಮ ಠಾಣೆಯ ಬೆಂಚಿನ ಮೇಲಿದ್ದ.

ಪೇದೆಯೊಬ್ಬ ಬಂದು ಆರ್ಕಿಟೆಕ್ಟನನ್ನು ಕರೆದೊಯ್ದ.

ನೆಗ್ಗಕ್ಕ ಕುರ್ಚಿಯಲ್ಲಿ ಕುಸಿದು ಕೂತಳು. ನಾಲ್ಕು ದಿನದಲ್ಲಿ ಮೊದಲ ಸಲ ಉಸಿರು ತಳದವರೆಗೆ ಹೋಗಿ ಬಂತು. ಶನಿವಾರ ಬಿದ್ದುಹೋಯಿತು. ಶನಿವಾರ ಬಿದ್ದರೆ ತಮ್ಮ ಗೆದ್ದ. ಬುಧವಾರ ರಜೆ, ಅವನು ಇತ್ತ ಕಾಲಿಟ್ಟೇ ಇರಲಿಲ್ಲ.

"ಬುಧವಾರ ಅವರು ಎಲ್ಲಿದ್ರು?" ಎಂದು ಇನ್ಸ್‌ಪೆಕ್ಟರ್ ಕೇಳಿದ, ಕಡತದ ದಾರ ಬಿಚ್ಚುತ್ತಾ. ಔಪಚಾರಿಕವಾಗಿ ಕೇಳಿದ ಹಾಗಿತ್ತು.

ಬುಧವಾರ ಬೆಳಗ್ಗೆ ತಮ್ಮ ಉಪಕರಣದ ಚೀಲ ಹೆಗಲಿಗೇರಿಸಿ, ಯಾರದೋ ಗೇಟು ಬೆಸುಗೆ ಹಾಕುವುದಿದೆ ಎಂದು ಹೋಗಿದ್ದ. ಯಾರ ಗೇಟು ಎಂದು ಅವಳು ಕೇಳಿರಲಿಲ್ಲ. ಸಂಜೆ ಬಂದವನು ಬಚ್ಚಲಲ್ಲಿ ಬಹಳ ಹೊತ್ತು ಕೈ ತೊಳೆದ, ಹಸಿವಿಲ್ಲ ಎಂದು ಮಲಗಿಬಿಟ್ಟ. ಅವಳಿಗೆ ಗೊತ್ತಿದ್ದದ್ದು ಅಷ್ಟೇ. ಅಷ್ಟು ಹೇಳಿದರೆ ಪೊಲೀಸರು ಗೇಟು ಹುಡುಕಿಕೊಂಡು ಹೋಗುತ್ತಾರೆ, ಗೇಟಿನವರು ಸಿಗುವವರೆಗೆ ತಮ್ಮ ಬೆಂಚಿನ ಮೇಲೇ ಇರುತ್ತಾನೆ. ಇನ್ನೊಂದು ದಿನವನ್ನೂ ಅವನಿಗೆ ಅಲ್ಲಿ ಕಳೆಯಲು ಬಿಡುವುದು ಅವಳಿಂದಾಗದು.

"ಮನೇಲಿದ್ದ, ನನ್ನ ಜೊತೆ. ಬೆಳಗ್ಗೆಯಿಂದ ಸಂಜೆವರೆಗೆ," ಎಂದಳು.

"ಒಂದು ನಿಮಿಷಕ್ಕೂ ಬಿಟ್ಟು ಹೋಗ್ಲಿಲ್ವಾ?"

"ಇಲ್ಲ ಸಾರ್. ಒಟ್ಟಿಗೇ ಇದ್ವಿ."

ಬರೆದುಕೊಡಿ ಎಂದು ಆತ ಹಾಳೆ, ಪೆನ್ನು ಮುಂದಿಟ್ಟ. ಇಪ್ಪತ್ತಾರು ವರ್ಷದಲ್ಲಿ ಕಾಣದ ಒಂದು ನೆಗ್ಗನ್ನೂ ಅವಳು ಬರೆದವಳಲ್ಲ, ಕಂಡದ್ದನ್ನು ಬಿಟ್ಟವಳೂ ಅಲ್ಲ. ಡಿಪೋದ ದೊಡ್ಡವರು ಬಂದು ಗೋಗರೆದಾಗಲೂ ಬಗ್ಗಿರಲಿಲ್ಲ. ಈಗ ನಾಲ್ಕು ಸಾಲನ್ನು ದುಂಡಗಿನ ಅಕ್ಷರದಲ್ಲಿ ಬರೆದು ಸಹಿ ಹಾಕಿದಳು. ಬರೆಯುವಾಗ ನಾಚಿಕೆಯಾಯಿತು, ಬರೆದ ಮೇಲೆ ಹಗುರವೆನಿಸಿತು.

ಇನ್ಸ್‌ಪೆಕ್ಟರ್ ಅದನ್ನು ಎರಡು ಸಲ ಓದಿದ. ಕಡತದಿಂದ ಇನ್ನೊಂದು ಹಾಳೆ ತೆಗೆದು ಪಕ್ಕದಲ್ಲಿಟ್ಟ. ಆ ಬರಹ ಅವಳಿಗೆ ದೂರದಿಂದಲೇ ಗುರುತು ಸಿಕ್ಕಿತು. ಆ ಬರಹಕ್ಕೆ ಕೈ ಹಿಡಿದು ತಿದ್ದಿಸಿದವಳು ಅವಳೇ.

"ಇದು ನಿಮ್ಮ ತಮ್ಮ ಈ ಮಂಗಳವಾರ ಠಾಣೆಯಲ್ಲಿ ಕೊಟ್ಟ ಹೇಳಿಕೆ," ಎಂದ. "ಆರ್ಕಿಟೆಕ್ಟ್ ಶನಿವಾರ ಅಂತ ಪ್ರಮಾಣ ಮಾಡಿ ಹೇಳ್ತಿದ್ರು. ಇದನ್ನ ನಾವು ನಂಬ್ಲಿಲ್ಲ. ದಿಕ್ಕು ತಪ್ಪಿಸ್ತಿದಾರೆ ಅಂದ್ಕೊಂಡು ಬದಿಗಿಟ್ವಿ. ಅಕ್ಕನಿಗೆ ತೋರಿಸ್ಬೇಡಿ ಅಂತ ಅವರೂ ಕೇಳ್ಕೊಂಡಿದ್ರು."

ಅವಳು ಓದಿದಳು.

'ಬುಧವಾರ ಮಧ್ಯಾಹ್ನ ಮೂರು ಗಂಟೆಗೆ ಒಂಬತ್ತನೇ ಡಬ್ಬಿಯ ಬಾಗಿಲು ಹಾಕಿ ಬೋಲ್ಟ್ ಬಿಗಿದವನು ನಾನು. ಒಳಗೆ ಲೈಟಿನವನಿದ್ದ. ವೆಲ್ಡಿಂಗ್ ಸೋರುತ್ತೆ ಅಂತ ಜಗಳ ಆಡಿದ್ನಲ್ಲ, ಬೆಳಕಿನ ಪರೀಕ್ಷೆ ಮಾಡಿ ತೋರಿಸ್ತೀನಿ ಬಾ ಅಂತ ನಾನೇ ಕರೆದಿದ್ದೆ.'

ಬೆಳಕಿನ ಪರೀಕ್ಷೆ. ಡಿಪೋದಲ್ಲಿ ದಿನಕ್ಕೆ ಹತ್ತು ಸಲ ಮಾಡುವ ಕೆಲಸ. ಒಬ್ಬರು ಡಬ್ಬಿಯೊಳಗೆ ನಿಲ್ಲುತ್ತಾರೆ, ಇನ್ನೊಬ್ಬರು ಹೊರಗಿನಿಂದ ಬಾಗಿಲು ಮುಚ್ಚುತ್ತಾರೆ. ಕತ್ತಲಲ್ಲಿ ಎಲ್ಲಾದರೂ ಸೂಜಿಮೊನೆಯಷ್ಟು ಬೆಳಕು ಕಂಡರೆ ಅಲ್ಲಿ ತೂತಿದೆ ಎಂದರ್ಥ. ಎರಡು ನಿಮಿಷದ ಕೆಲಸ. ತಮ್ಮನಿಗೆ ಅದನ್ನು ಕಲಿಸಿದವಳು ಅವಳು. ಬಾಗಿಲು ಮುಚ್ಚಿದವರು ಅಲ್ಲಿಂದ ಒಂದು ಹೆಜ್ಜೆಯೂ ಕದಲಬಾರದು ಎಂದು ಕಲಿಸಿದವಳೂ ಅವಳೇ.

'ಬಾಗಿಲು ಸರಿಯಾಗಿ ಕೂರ್ತಿರ್ಲಿಲ್ಲ, ಅದಕ್ಕೆ ಬೋಲ್ಟ್ ಬಿಗಿದೆ. ಅಷ್ಟರಲ್ಲಿ ನನಗೆ ಫೋನ್ ಬಂತು, ಹೋಗಲೇಬೇಕಿತ್ತು. ಜೊತೆಗಿದ್ದ ಒಬ್ಬರಿಗೆ ಎರಡು ನಿಮಿಷ ಬಿಟ್ಟು ಬಾಗಿಲು ತೆಗೆಯೋಕೆ ಹೇಳಿ, ಸ್ಪ್ಯಾನರ್ ಕೈಗೆ ಕೊಟ್ಟು ಹೋದೆ. ಯಾರ ಕೈಗೆ ಅಂತ ಕೇಳ್ಬೇಡಿ. ನೇಣಿಗೆ ಹಾಕಿದ್ರೂ ಆ ಹೆಸರು ಹೇಳಲ್ಲ.'

ಅಕ್ಷರಗಳು ಮಂಜಾದವು. ತಮ್ಮ ಕೊಂದಿಲ್ಲ ಎಂಬುದೊಂದೇ ಅವಳಿಗೆ ಮೊದಲು ಹೊಳೆದದ್ದು. ಅವನು ಬಾಗಿಲು ತೆಗೆಯಲು ಹೇಳಿ ಹೋಗಿದ್ದ. ತೆಗೆಯದೆ ಹೋದವರು ಬೇರೆ ಯಾರೋ. ಅದನ್ನು ಹೇಳಬೇಕೆಂದು ತಲೆಯೆತ್ತಿದಳು.

ಇನ್ಸ್‌ಪೆಕ್ಟರ್ ಆಗಲೇ ಅವಳನ್ನೇ ನೋಡುತ್ತಿದ್ದ. ಎರಡು ಹಾಳೆಗಳನ್ನೂ ಅಕ್ಕಪಕ್ಕ ಅವಳ ಮುಂದೆ ಸರಿಸಿದ.

"ಬೆಳಗ್ಗೆಯಿಂದ ಸಂಜೆವರೆಗೆ ಒಂದು ನಿಮಿಷವೂ ಬಿಡದೆ ಒಟ್ಟಿಗೇ ಇದ್ವಿ ಅಂತ ಈಗ ತಾನೇ ಬರೆದುಕೊಟ್ರಿ ಮೇಡಂ," ಎಂದ. "ಮೂರು ಗಂಟೆಗೆ ನಿಮ್ಮ ತಮ್ಮ ಆ ಬಾಗಿಲ ಮುಂದೆ ಇದ್ರು. ನೀವೂ ಅಲ್ಲೇ ಇದ್ರಿ ಅಂತಾಯ್ತು. ಹಾಗಾದ್ರೆ ಸ್ಪ್ಯಾನರ್ ಯಾರ ಕೈಲಿತ್ತು?"